ಅಮಾವಾಸ್ಯೆ ರಾತ್ರಿ ಹೊಲದಲ್ಲಿ ಹತ್ತು ಜನ: ನಕ್ಷತ್ರ ನೋಡುವ ರಾತ್ರಿಗೊಂದು ಸಮಗ್ರ ಮಾರ್ಗದರ್ಶಿ

"ಯಾವ ಟೆಲಿಸ್ಕೋಪ್ ತಗೊಳ್ಳಲಿ?" ಹೊಸಬರು ಮೊದಲು ಕೇಳುವುದೇ ಇದು. ನಾನು ತಿರುಗಿ ಕೇಳುತ್ತೇನೆ: "ನಿಮಗೆ ಕತ್ತಲೆ ಎಲ್ಲಿ ಸಿಗುತ್ತೆ?"

ಬೆಂಗಳೂರಿನ ಬಾಲ್ಕನಿಯಲ್ಲಿ ಎಂಟು ಇಂಚಿನ ಟೆಲಿಸ್ಕೋಪ್ ಇಟ್ಟರೂ ಆಕಾಶಗಂಗೆಯ ಪಟ್ಟೆ ಕಾಣುವುದಿಲ್ಲ. ಪಾವಗಡದ ಕಡೆ ಶೇಂಗಾ ಕಿತ್ತ ಹೊಲದಲ್ಲಿ ಚಾಪೆ ಹಾಸಿ ಮಲಗಿದರೆ ಅದೇ ಪಟ್ಟೆ ಬರಿಗಣ್ಣಿಗೆ ಕಾಣುತ್ತದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತಲೆಯ ವಿಚಾರವೇ. ಟೆಲಿಸ್ಕೋಪ್ ಆಮೇಲೆ ಬರುತ್ತದೆ.

ನಮ್ಮದು ಹತ್ತು ಜನರ ಗುಂಪು. ಒಬ್ಬರು ಬ್ಯಾಂಕಿನವರು, ಮೂವರು ಸಾಫ್ಟ್‌ವೇರಿನವರು, ಒಬ್ಬರು ಹೈಸ್ಕೂಲ್ ಮೇಷ್ಟ್ರು. ಇನ್ನುಳಿದವರು ಒಬ್ಬರನ್ನೊಬ್ಬರು ಎಳೆದು ತಂದವರು. ಖಗೋಳ ವಿಜ್ಞಾನ ಓದಿದವರು ಯಾರೂ ಇಲ್ಲ. ಕೆಳಗೆ ಕೊಟ್ಟಿರುವ ಸಮಯಗಳೆಲ್ಲ ಜನವರಿ 20ರ ಆಸುಪಾಸಿನವು. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಹುಟ್ಟುತ್ತವೆ. ನೀವು ಹದಿನೈದು ದಿನ ಬಿಟ್ಟು ಹೋದರೆ ನಕ್ಷತ್ರಗಳ ಸಮಯದಿಂದ ಒಂದು ಗಂಟೆ ಕಳೆಯಿರಿ.

ದಿನ ಗೊತ್ತು ಮಾಡುವುದು

ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು, ಆ್ಯಪ್ ಬೇಕಿಲ್ಲ. ಅಮಾವಾಸ್ಯೆಗೆ ಹತ್ತಿರದ ಶನಿವಾರ ಹುಡುಕಿ. ಹುಣ್ಣಿಮೆ ಕಡೆಯ ವಾರಗಳನ್ನು ಬಿಟ್ಟುಬಿಡಿ. ಚಂದ್ರನ ಬೆಳಕಿನಲ್ಲಿ ಮಸುಕಾದ ಯಾವುದೂ ಉಳಿಯುವುದಿಲ್ಲ.

ನನ್ನ ಇಷ್ಟ ಕೇಳಿದರೆ ಬಿದಿಗೆ, ತದಿಗೆಯ ದಿನ. ಸಂಜೆ ಪಡುವಣದಲ್ಲಿ ಚಂದ್ರನ ಎಳೆ ಕಾಣುತ್ತದೆ. ಬೈನಾಕ್ಯುಲರ್ ಹಿಡಿದರೆ ಉಳಿದ ಕಪ್ಪು ಭಾಗವೂ ಬೂದಿ ಬಣ್ಣದಲ್ಲಿ ಮಂಕಾಗಿ ಕಾಣುತ್ತದೆ. ಅದು ಭೂಮಿಯಿಂದ ಹೋಗಿ ಚಂದ್ರನಿಗೆ ತಾಗಿ ವಾಪಸ್ ಬಂದ ಬೆಳಕು. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಮುಳುಗುತ್ತಾನೆ. ತದಿಗೆಯ ದಿನ ಎಂಟೂವರೆ ಹೊತ್ತಿಗೆ ಅವನು ಹೋದ ಮೇಲೆ ಇಡೀ ರಾತ್ರಿ ನಮ್ಮದು.

ಬಯಲುಸೀಮೆಯಲ್ಲಿ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ದೂಳಿನ ಮಬ್ಬು ಜಾಸ್ತಿ. ಆದರೆ ಆಕಾಶಗಂಗೆಯ ದಟ್ಟ ಭಾಗ ಬೆಳಗಿನ ಜಾವ ಮೇಲೆ ಬರುವುದು ಆಗಲೇ. ಎದ್ದಿರುವ ಚಟ ಇದ್ದರೆ ಆಗಲೂ ಹೋಗಬಹುದು.

ಮನೆಯ ಹಿರಿಯರ ಒಪ್ಪಿಗೆ ಬೇರೆಯದೇ ಅಧ್ಯಾಯ. "ಅಮಾವಾಸ್ಯೆ ರಾತ್ರಿ ಯಾರಾದ್ರೂ ಹೊಲಕ್ಕೆ ಹೋಗ್ತಾರಾ?" ಅಂತ ನಮ್ಮತ್ತೆ ಈಗಲೂ ಪ್ರತಿ ಸಲ ಕೇಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದಲ್ಲ ಅಂದೆ. "ಅವರು ಹಗಲು ಹೋಗಿ ಬರ್ತಾರೆ" ಅಂದರು. ಆ ವಾದ ನಾನು ಸೋತೆ.

ಜಾಗ ಹುಡುಕುವುದು

ಖಗೋಳ ಹವ್ಯಾಸಿಗಳು ಕತ್ತಲೆಯನ್ನು ಬಾರ್ಟ್ಲ್ ಮಾಪನದಲ್ಲಿ 1ರಿಂದ 9ರವರೆಗೆ ಅಳೆಯುತ್ತಾರೆ. ಒಂದು ಅಂದರೆ ಕಗ್ಗತ್ತಲೆ, ಒಂಬತ್ತು ಅಂದರೆ ಮಹಾನಗರದ ನಡುಮಧ್ಯ. ನಿಮ್ಮ ಸುತ್ತಮುತ್ತ ಹೇಗಿದೆ ಅಂತ ಬೆಳಕಿನ ಮಾಲಿನ್ಯದ ನಕ್ಷೆಗಳಲ್ಲಿ ನೋಡಬಹುದು. ನಂದಿ ಬೆಟ್ಟ ಬೇಡ. ರಾತ್ರಿ ಬಿಡುವುದಿಲ್ಲ, ಬಿಟ್ಟರೂ ಬೆಂಗಳೂರು, ವಿಮಾನ ನಿಲ್ದಾಣ ಎರಡೂ ದಕ್ಷಿಣಕ್ಕೇ ಇವೆ, ಆ ಕಡೆಯ ಆಕಾಶ ಬೆಳಗಿರುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ದೊಡ್ಡ ಊರು ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಆಕಾಶ ಕೆಟ್ಟಿರುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ ಐವತ್ತು ಕಿಲೋಮೀಟರ್ ಹೋಗಿ ನಿಂತರೆ ದಕ್ಷಿಣದ ದಿಗಂತದಲ್ಲಿ ಊರಿನ ಹೊಳಪು ಕೂತಿರುತ್ತದೆ. ನಮಗೆ ಬೇಕಾದ ಅಗಸ್ತ್ಯ, ತ್ರಿಶಂಕು ನಕ್ಷತ್ರಗಳೆಲ್ಲ ಇರುವುದು ಅಲ್ಲೇ. ಆದ್ದರಿಂದ ಹತ್ತಿರದಲ್ಲೇ ಮುಗಿಸುವುದಾದರೆ ಊರಿನ ದಕ್ಷಿಣಕ್ಕೆ ಹೋಗಿ. ಉತ್ತರಕ್ಕೇ ಹೋಗುವುದಾದರೆ ತುಂಬ ದೂರ ಹೋಗಿ.

ನಾವು ಪಾವಗಡ ತಾಲ್ಲೂಕಿಗೆ ಹೋಗುತ್ತೇವೆ. ಒಣ ಹವೆ, ಮೋಡ ಕಮ್ಮಿ. ಅದೇ ಕಾರಣಕ್ಕೆ ತಾನೇ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಅಲ್ಲಿಗೆ ಬಂದಿದ್ದು? ಅವರಿಗೆ ಹಗಲು ಬೇಕು, ನಮಗೆ ರಾತ್ರಿ.

ಜಾಗ ಗೆಳೆಯರದ್ದೋ ನೆಂಟರದ್ದೋ ಹೊಲವಾಗಿದ್ದರೆ ಒಳ್ಳೆಯದು. ಹತ್ತಿರದಲ್ಲಿ ಒಂದು ಮನೆ, ಅದರಲ್ಲಿ ಶೌಚಾಲಯ ಇರಲೇಬೇಕು. ಇದನ್ನು ಯೋಚಿಸದೆ ಹೊರಡುವ ಗಂಡಸರ ಗುಂಪಿಗೆ ಹೆಣ್ಣುಮಕ್ಕಳು ಎರಡನೇ ಸಲ ಬರುವುದಿಲ್ಲ. ಹಗಲು ಒಮ್ಮೆ ಹೋಗಿ ನೋಡಿ ಬನ್ನಿ. ಬೀದಿದೀಪ ಎಲ್ಲಿದೆ, ಕೆರೆ ಎಷ್ಟು ಹತ್ತಿರ, ಪೂರ್ವ ಮತ್ತು ದಕ್ಷಿಣಕ್ಕೆ ಮರ ಅಡ್ಡ ಬರುತ್ತದಾ, ಇಷ್ಟು ಗಮನಿಸಿ. ಕೆರೆ ಪಕ್ಕದಲ್ಲಿ ಇಬ್ಬನಿ ಜಾಸ್ತಿ.

ಊರಿನವರಿಗೆ ಹೇಳಿ, ದಯವಿಟ್ಟು

ನಾವು ಹೇಳಿರಲಿಲ್ಲ. ಎರಡನೇ ಸಲ ಹೋದಾಗಿನ ಮಾತು. ರಾತ್ರಿ ಹತ್ತು ಗಂಟೆ. ಬದುವಿನ ಮೇಲೆ ಐದಾರು ಟಾರ್ಚು ಕಾಣಿಸಿದವು. ಹತ್ತಿರ ಬಂದವರ ಕೈಯಲ್ಲಿ ದೊಣ್ಣೆ ಇತ್ತು.

"ಯಾರ್ರಪ್ಪಾ ನೀವು? ಏನ್ ಅಗೀತಿದ್ದೀರಿ ಇಲ್ಲಿ?"

ಅಮಾವಾಸ್ಯೆ ರಾತ್ರಿ, ಹಾಳು ಮಂಟಪದ ಪಕ್ಕದ ಹೊಲ, ಕೆಂಪು ದೀಪ ಹಿಡಿದು ಪಿಸುಗುಡುವ ಹತ್ತು ಜನ. ನಿಧಿ ಕಳ್ಳರು ಅಂದುಕೊಂಡಿದ್ದರು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಒಬ್ಬ ಹುಡುಗ ಟೆಲಿಸ್ಕೋಪಿನ ಕೊಳವೆ ಸುತ್ತ ಬಂದು, "ಬೋರ್ ಪಾಯಿಂಟ್ ನೋಡೋ ಮಿಷನ್ನಾ?" ಅಂತ ಕೇಳಿದ.

ಮೇಷ್ಟ್ರು ಮುಂದೆ ಬಂದರು. "ಅಣ್ಣ, ಒಂದ್ ನಿಮಿಷ ಇದರೊಳಗೆ ನೋಡಿ, ಆಮೇಲೆ ಬೈಯಿರಿ" ಅಂದರು. ಟೆಲಿಸ್ಕೋಪ್ ಗುರುಗ್ರಹದ ಮೇಲಿತ್ತು. ಪಟ್ಟೆ ಪಟ್ಟೆಯ ಪುಟ್ಟ ಬಿಲ್ಲೆ, ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕಿ. ಗೆಲಿಲಿಯೋ 1610ರ ಜನವರಿಯಲ್ಲಿ ನೋಡಿದ ಅದೇ ನಾಲ್ಕು ಉಪಗ್ರಹ. ದೊಣ್ಣೆ ಕಂಕುಳಿಗೆ ಹೋಯಿತು. ಸಾಲು ಶುರುವಾಯಿತು. ಹನ್ನೆರಡರವರೆಗೆ ಯಾರೂ ಮನೆಗೆ ಹೋಗಲಿಲ್ಲ.

ಅವತ್ತಿನಿಂದ ನಿಯಮ ಇದು: ಸಂಜೆ ಊರು ತಲುಪಿದ ಕೂಡಲೇ ಅಂಗಡಿ ಕಟ್ಟೆಯಲ್ಲಿ ಟೀ ಕುಡಿದು, ಏನು ಮಾಡುತ್ತೇವೆ ಅಂತ ಹೇಳಿ, ಬನ್ನಿ ಅಂತ ಕರೆಯುವುದು. ಬೀಟಿನ ಪೊಲೀಸರಿಗೂ ಒಂದು ಫೋನ್ ಮಾಡಿಬಿಡಿ.

ಏನೇನು ಒಯ್ಯಬೇಕು

ಮೊದಲನೆಯದು ಬೆಚ್ಚನೆ ಬಟ್ಟೆ. ಬಯಲಿನಲ್ಲಿ ಅಲ್ಲಾಡದೆ ಮಲಗಿದರೆ ಎರಡು ಗಂಟೆ ರಾತ್ರಿಯ ಚಳಿ ಮೂಳೆಗೆ ಇಳಿಯುತ್ತದೆ. ಮಂಕಿ ಕ್ಯಾಪ್ ನೋಡಿ ನಗುವವರು ಹನ್ನೊಂದರ ಹೊತ್ತಿಗೆ ಅದನ್ನೇ ಸಾಲ ಕೇಳುತ್ತಾರೆ. ನೆಲಕ್ಕೆ ಟಾರ್ಪಾಲು, ಅದರ ಮೇಲೆ ಚಾಪೆ, ಮೇಲೊಂದು ಕಂಬಳಿ. ಕಾಲಿಗೆ ಚಪ್ಪಲಿ ಅಲ್ಲ, ಶೂ. ಹಾವು ಚೇಳು ಇರುವ ಜಾಗ, ಕತ್ತಲಲ್ಲಿ ಓಡಾಡುವಾಗ ನೆಲಕ್ಕೆ ಟಾರ್ಚು ಬೇಕೇ ಬೇಕು.

ಆ ಟಾರ್ಚಿಗೆ ಕೆಂಪು ಬಟ್ಟೆಯನ್ನೋ ಉಡುಗೊರೆ ಸುತ್ತುವ ಕೆಂಪು ಪಾರದರ್ಶಕ ಹಾಳೆಯನ್ನೋ ಎರಡು ಮೂರು ಮಡಿಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಹೊಸಬರಿಗೆ 10x50 ಅಥವಾ 7x50 ಬೈನಾಕ್ಯುಲರ್ ಸಾಕು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಐದಾರು ಜನಕ್ಕೆ ಒಂದು ಟೆಲಿಸ್ಕೋಪ್ ಇದ್ದರೆ ಸಾಲು ಬೇಜಾರಾಗುವಷ್ಟು ಉದ್ದವಾಗುವುದಿಲ್ಲ. ಗುಂಪಿಗೆ ಅಂದರೆ ಡಾಬ್ಸೋನಿಯನ್ನೇ ಸರಿ. ಮರದ ಪೀಠ, ಕೊಳವೆ, ಕೆಳಗೊಂದು ಕನ್ನಡಿ, ಅಷ್ಟೇ. ಮೋಟಾರು ಇಲ್ಲ, ಬ್ಯಾಟರಿ ಇಲ್ಲ. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ ಸಂನ್ಯಾಸಿಯಾಗಿದ್ದವರು. ಫುಟ್‌ಪಾತಿನಲ್ಲಿ ಟೆಲಿಸ್ಕೋಪ್ ಇಟ್ಟು ದಾರಿಹೋಕರನ್ನು ಕರೆದು ಚಂದ್ರನನ್ನು ತೋರಿಸುತ್ತಿದ್ದರು.

ಊಟಕ್ಕೆ ಪುಳಿಯೋಗರೆ, ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಕುಡಿಯುವ ಪಾರ್ಟಿ ಬೇಕಾದವರು ಬೇರೆ ದಿನ ಇಟ್ಟುಕೊಳ್ಳಲಿ.

ಬೆಳಕು ಇರುವಾಗಲೇ ಮುಗಿಸುವ ಕೆಲಸ

ಐದು ಗಂಟೆಗೆ ತಲುಪಿ. ಕಾರುಗಳನ್ನು ಮೂತಿ ರಸ್ತೆ ಕಡೆಗಿರುವಂತೆ ನಿಲ್ಲಿಸಿ. ಇಲ್ಲದಿದ್ದರೆ ನಡುರಾತ್ರಿ ಯಾರೋ ಹೊರಟಾಗ ಹೆಡ್‌ಲೈಟ್ ನೇರ ಎಲ್ಲರ ಮುಖಕ್ಕೆ ಬೀಳುತ್ತದೆ. ಕಾರಿನೊಳಗಿನ ದೀಪ ಬಾಗಿಲು ತೆರೆದ ಕೂಡಲೇ ಹತ್ತುತ್ತದಲ್ಲ, ಅದನ್ನು ಈಗಲೇ ಆಫ್ ಮಾಡಿಡಿ.

ಟೆಲಿಸ್ಕೋಪನ್ನು ಹೊರಗಿಟ್ಟು ತಣಿಯಲು ಬಿಡಿ. ಕನ್ನಡಿ ಬಿಸಿಯಾಗಿದ್ದರೆ ಕೊಳವೆಯೊಳಗೆ ಗಾಳಿ ಅಲುಗಿ, ನೋಟ ಕುದಿಯುವ ನೀರಿನೊಳಗೆ ನೋಡಿದ ಹಾಗಿರುತ್ತದೆ. ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಫೈಂಡರ್ (ಗುರಿ ಹಿಡಿಯಲು ಕೊಳವೆಗೆ ಸಿಕ್ಕಿಸಿದ ಪುಟ್ಟ ಸಾಧನ) ಹೊಂದಿಸಿ. ದೂರದ ಮೊಬೈಲ್ ಟವರಿನ ತುದಿಯನ್ನು ಐಪೀಸಿನ (ಕಣ್ಣಿಟ್ಟು ನೋಡುವ ಗಾಜಿನ) ನಡುವೆ ತಂದುಕೊಂಡು, ಫೈಂಡರಿನ ಗುರುತೂ ಅದೇ ತುದಿಗೆ ಬರುವ ಹಾಗೆ ಸ್ಕ್ರೂ ತಿರುಗಿಸಿ. ಕತ್ತಲಾದ ಮೇಲೆ ಇದೇ ಕೆಲಸಕ್ಕೆ ಅರ್ಧ ಗಂಟೆ ಹೋಗುತ್ತದೆ. ಸೂರ್ಯ ಮುಳುಗುವ ಮುಂಚೆ ಕೊಳವೆ ಅವನ ಕಡೆ ತಿರುಗದಂತೆ ಒಬ್ಬರು ಕಾವಲಿರಿ. ಮಕ್ಕಳಿದ್ದರೆ ಇದು ತಮಾಷೆಯ ಮಾತಲ್ಲ, ಕಣ್ಣೇ ಹೋಗುತ್ತದೆ.

ಕಣ್ಣಿಗೆ ಅರ್ಧ ಗಂಟೆ

ಸೂರ್ಯ ಆರೂ ಕಾಲಿಗೆ ಮುಳುಗುತ್ತಾನೆ, ಪೂರ್ತಿ ಕತ್ತಲಾಗುವುದು ಏಳೂವರೆಗೆ. ನಿಮ್ಮ ಕಣ್ಣಿಗೆ ಕತ್ತಲಾಗಲು ಇನ್ನೂ 20ರಿಂದ 30 ನಿಮಿಷ ಬೇಕು. ಪಾಪೆ ಅಗಲವಾಗುವುದು ಬೇಗ. ಆದರೆ ಕಣ್ಣಿನ ಹಿಂಪರದೆಯಲ್ಲಿ ಮಂದ ಬೆಳಕನ್ನು ಹಿಡಿಯುವ ಕೋಶಗಳಿವೆ. ಅವುಗಳ ರಾಸಾಯನಿಕ ಬೆಳಕಿಗೆ ಒಡೆದುಹೋಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡುತ್ತದೆ. ಒಂದೇ ಒಂದು ವಾಟ್ಸ್‌ಆ್ಯಪ್ ಮೆಸೇಜ್ ನೋಡಿದಿರೋ, ಮತ್ತೆ ಮೊದಲಿಂದ. ಕೆಂಪು ಬೆಳಕಿಗೆ ಆ ಕೋಶಗಳು ಅಷ್ಟಾಗಿ ಕದಲುವುದಿಲ್ಲ. ಕೆಂಪು ಟಾರ್ಚಿನ ಕಾರಣ ಇದು.

ಈ ಅರ್ಧ ಗಂಟೆ ಸುಮ್ನೆ ಮಲಗಿ. ಮಾತಾಡಿ, ಆದರೆ ಮಲಗಿ. ನಾವು ಆಗ ಒಂದು ಆಟ ಆಡುತ್ತೇವೆ. ಎಂಟರ ಹೊತ್ತಿಗೆ ಕೃತ್ತಿಕೆ ಬಹುತೇಕ ನೆತ್ತಿಯ ಮೇಲೆ ಇರುತ್ತದೆ, ಒತ್ತೊತ್ತಾಗಿ ಕೂತ ಪುಟ್ಟ ಗುಂಪು. ಅದರಲ್ಲಿ ಎಷ್ಟು ಚುಕ್ಕಿ ಎಂದು ಪ್ರತಿಯೊಬ್ಬರೂ ಎಣಿಸಿ, ಯಾರಿಗೂ ಹೇಳದೆ ಚೀಟಿಯಲ್ಲಿ ಬರೆಯುವುದು. ಏಳೂವರೆಗೆ ಒಂದು ಚೀಟಿ, ಎಂಟಕ್ಕೆ ಇನ್ನೊಂದು. ಮೊದಲ ಚೀಟಿಯಲ್ಲಿ ಐದು ಬರೆದವರು ಎರಡನೆಯದರಲ್ಲಿ ಏಳು ಬರೆದಿರುತ್ತಾರೆ. ಕಣ್ಣು ತೆರೆಯಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲು ಬರಿಗಣ್ಣು

ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರದ ದಿಗಂತದಿಂದ ಒಂದೂವರೆ ಮುಷ್ಟಿಗೆ ಸ್ವಲ್ಪ ಕಮ್ಮಿ ಎತ್ತರದಲ್ಲಿ ಒಂಟಿಯಾಗಿ ಇರುವುದೇ ಧ್ರುವ. ಪಾವಗಡ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದೆ, ಧ್ರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅದೇನೂ ತುಂಬ ಪ್ರಕಾಶದ್ದಲ್ಲ, "ಇಷ್ಟೇನಾ?" ಅನ್ನುತ್ತಾರೆ ಎಲ್ಲರೂ.

ಪೂರ್ವಕ್ಕೆ ತಿರುಗಿದರೆ ಮಹಾವ್ಯಾಧ (ಓರಿಯನ್), ಬೇಟೆಗಾರನ ಆಕಾರದ ನಕ್ಷತ್ರಪುಂಜ. ಸೊಂಟದಲ್ಲಿ ಸಾಲಾಗಿ ಮೂರು ನಕ್ಷತ್ರ. ಇದೊಂದು ಗೊತ್ತಾದರೆ ಅರ್ಧ ಆಕಾಶ ಗೊತ್ತಾದಂತೆ. ಆ ಸಾಲನ್ನು ಕೆಳಗೆ ಎಳೆದರೆ ಲುಬ್ಧಕ, ರಾತ್ರಿಯ ಆಕಾಶದ ಅತಿ ಪ್ರಕಾಶದ ನಕ್ಷತ್ರ. ಮೇಲೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆ. ಸೊಂಟದ ಉತ್ತರಕ್ಕೆ ಕೆಂಪಗೆ ಇರುವುದು ಆರಿದ್ರಾ.

ಆವತ್ತು ದೊಣ್ಣೆ ಹಿಡಿದು ಬಂದವರಲ್ಲಿ ಒಬ್ಬರು ಯಜಮಾನರಿದ್ದರು, ಎಪ್ಪತ್ತು ದಾಟಿದವರು. "ಇದು ಆರಿದ್ರಾ" ಅಂದಾಗ ಅವರು ಬೀಡಿ ಕೆಳಗಿಟ್ಟರು. "ಆರಿದ್ರೆ ಮಳೆ ಅಂತೀವಲ್ಲ, ಆ ಆರಿದ್ರೆನಾ?" ಹೌದು, ಅದೇ. "ಹಂಗಾದ್ರೆ ಮಳೇಲಿ ಯಾಕೆ ಕಾಣಲ್ಲ? ಈ ಚಳೀಲಿ ಯಾಕೆ ಬಂತು?"

ಇದಕ್ಕಿಂತ ಒಳ್ಳೆಯ ಪ್ರಶ್ನೆ ನಮ್ಮ ಗುಂಪಿನಲ್ಲಿ ಯಾರೂ ಕೇಳಿಲ್ಲ. ಸೂರ್ಯ ಯಾವ ನಕ್ಷತ್ರದ ಕಡೆ ಇರುತ್ತಾನೋ ಆ ಮಳೆಗೆ ಆ ಹೆಸರು. ಜೂನ್ 22ರ ಹೊತ್ತಿಗೆ ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬರುತ್ತಾನೆ. ಅಂದರೆ ಆರಿದ್ರಾ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ, ಹಗಲ ಬೆಳಕಿನಲ್ಲಿ ಅಡಗಿರುತ್ತದೆ. ಆರು ತಿಂಗಳು ಕಳೆದ ಮೇಲೆ ಸೂರ್ಯ ಎದುರು ಬದಿಗೆ ಹೋದಾಗ ಅದು ರಾತ್ರಿಯಿಡೀ ಕಾಣುತ್ತದೆ. ಮೇಷ್ಟ್ರು ಮೂರು ಕಲ್ಲು ಇಟ್ಟು ತೋರಿಸಿದರು: ಇದು ಸೂರ್ಯ, ಇದು ನಾವು, ಅಗೋ ಅದು ಆರಿದ್ರಾ. ಯಜಮಾನರು ಭೂಮಿಯ ಕಲ್ಲನ್ನು ತಾವೇ ಸುತ್ತಿಸಿ ನೋಡಿದರು. ಐವತ್ತು ವರ್ಷ ಆ ಮಳೆಯ ಹೆಸರು ಹೇಳಿ ಬಿತ್ತಿದವರು ಅವರು. ಆ ಚುಕ್ಕಿಯನ್ನು ಅದರ ಹೆಸರು ಹಿಡಿದು ನೋಡಿದ್ದು ಅವತ್ತೇ ಮೊದಲು.

(2019ರ ಕೊನೆಯಲ್ಲಿ ಇದೇ ಆರಿದ್ರಾ ಕಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು. ಸಿಡಿಯುತ್ತದೇನೋ ಎಂದು ನಾವೆಲ್ಲ ಚಳಿಯಲ್ಲಿ ಕಾದೆವು. ತಾನೇ ಉಗುಳಿದ ದೂಳು ಅಡ್ಡ ಬಂದಿತ್ತಂತೆ.)

ನೋಡುವ ಸರದಿ

ಪಡುವಣಕ್ಕೆ ಇಳಿಯುತ್ತಿರುವುದನ್ನು ಮೊದಲು ನೋಡಿ. ಮೂಡಣದ್ದು ತಾನಾಗಿ ಮೇಲೆ ಬರುತ್ತದೆ, ಅವಸರವಿಲ್ಲ.

ಒಂಬತ್ತರ ಒಳಗೆ ಆಂಡ್ರೊಮಿಡಾ ಗ್ಯಾಲಕ್ಸಿ ಮುಗಿಸಿ. ವಾಯವ್ಯದಲ್ಲಿ ಕುಂತಿ (ಕ್ಯಾಸಿಯೋಪಿಯಾ) ಪುಂಜದ ಐದು ನಕ್ಷತ್ರ ಇಂಗ್ಲಿಷಿನ ಎಂ ಅಕ್ಷರದ ಹಾಗೆ ಇರುತ್ತವೆ. ಅದರ ಚೂಪಾದ ಮೂಲೆ ತೋರಿಸುವ ಕಡೆ ಬೈನಾಕ್ಯುಲರ್ ತಿರುಗಿಸಿ. ಬೂದಿ ಬಣ್ಣದ ಉದ್ದನೆ ಮಸುಕು ಸಿಗುತ್ತದೆ. ಇಲ್ಲಿ ಒಂದು ಉಪಾಯ: ಅದನ್ನೇ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕಿನ ಕೋಶಗಳು ಕಣ್ಣಿನ ನಡುವೆ ಇಲ್ಲ, ಅಂಚಿನ ಕಡೆ ಇವೆ. ಓರೆಗಣ್ಣಿಗೆ ಆ ಮಸುಕು ಉಬ್ಬಿ ದೊಡ್ಡದಾಗುತ್ತದೆ. ಫೋಟೋಗಳ ನೇರಳೆ, ಗುಲಾಬಿ ಬಣ್ಣ ನೆನೆದು ಬಂದವರಿಗೆ ಮೊದಲೇ ಹೇಳಿಬಿಡಿ, ಕಣ್ಣಿಗೆ ಬಣ್ಣ ಬರುವುದಿಲ್ಲ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ತಲುಪಲು ಸುಮಾರು 25 ಲಕ್ಷ ವರ್ಷ ಹಿಡಿದಿದೆ. ನಾನು ಐಪೀಸಿನ ಹತ್ತಿರ ನಿಂತು ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಒಂಬತ್ತರಿಂದ ಹನ್ನೊಂದು ಮಹಾವ್ಯಾಧನ ನೀಹಾರಿಕೆ. ಸೊಂಟದಿಂದ ತೂಗುವ ಕತ್ತಿಯ ನಡುವಿನ ಚುಕ್ಕಿ, ಅದು ನಕ್ಷತ್ರ ಅಲ್ಲ, ಮೋಡ. ಸುಮಾರು 1,300 ಜ್ಯೋತಿರ್ವರ್ಷ ದೂರ, ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. 25 ಮಿಲಿಮೀಟರಿನ ಐಪೀಸಿನಲ್ಲಿ ರೆಕ್ಕೆ ಬಿಚ್ಚಿದ ಬಾವಲಿಯ ಹಾಗೆ ಕಾಣುತ್ತದೆ. 10 ಮಿಲಿಮೀಟರಿನದು ಹಾಕಿದರೆ ಒಳಗೆ ನಾಲ್ಕು ಪುಟ್ಟ ನಕ್ಷತ್ರ. ಗುರು ಅಥವಾ ಶನಿ ಸಂಜೆ ಮೇಲಿದ್ದರೆ ಅವೂ ಈಗಲೇ. ಗುರು ಹೆಚ್ಚುಕಡಿಮೆ ವರ್ಷಕ್ಕೊಂದು ರಾಶಿ ದಾಟುತ್ತಾನೆ, ಆ ವರ್ಷ ಎಲ್ಲಿದ್ದಾನೆ ಅಂತ ಸ್ಟೆಲ್ಲೇರಿಯಮ್ ಆ್ಯಪಿನಲ್ಲಿ ಮನೆಯಲ್ಲೇ ನೋಡಿಕೊಂಡು ಬನ್ನಿ.

ದಕ್ಷಿಣದಲ್ಲಿ ಹನ್ನೊಂದರ ಹೊತ್ತಿಗೆ ಎರಡು ಮುಷ್ಟಿಗಿಂತ ಸ್ವಲ್ಪ ಎತ್ತರಕ್ಕೆ ಅಗಸ್ತ್ಯ ಬಂದಿರುತ್ತದೆ, ಲುಬ್ಧಕ ಬಿಟ್ಟರೆ ಅತಿ ಪ್ರಕಾಶದ್ದು. ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ಪೂರ್ತಿ ಏಳುವುದೂ ಆಗಲೇ. ಬಾಲದ ನಡುವಿನ ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಂಡಳೇ ಎಂದು ಕೇಳಿ. ಮದುವೆಯ ದಿನ ಹಗಲಿನಲ್ಲಿ ಪುರೋಹಿತರು ಬೆರಳು ತೋರಿಸಿದ ಕಡೆ ಕಣ್ಣು ಮುಚ್ಚಿಕೊಂಡು "ಕಂಡಿತು" ಅಂದವರೇ ಎಲ್ಲರೂ. ಈಗ ನಿಜಕ್ಕೂ ನೋಡಬಹುದು. ಟೆಲಿಸ್ಕೋಪಿನಲ್ಲಿ ನೋಡಿದರೆ ವಸಿಷ್ಠನೇ ಎರಡಾಗಿ ಒಡೆಯುತ್ತಾನೆ. ನಮ್ಮ ಗುಂಪಿನ ದಂಪತಿಗಳು ಇದರ ಮೇಲೆ ಹದಿನೈದು ನಿಮಿಷ ಜಗಳ ಆಡಿದರು.

ಸಾಲಿನಲ್ಲಿ ನಿಂತಾಗ

ಟೆಲಿಸ್ಕೋಪಿನಲ್ಲಿ ವಸ್ತು ಓಡುತ್ತಿರುತ್ತದೆ. ಓಡುತ್ತಿರುವುದು ನಿಜಕ್ಕೂ ಭೂಮಿ. 1,200 ಮಿಲಿಮೀಟರ್ ನಾಭಿದೂರದ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ಟೆಲಿಸ್ಕೋಪಿಗೆ 25ರ ಐಪೀಸ್ ಹಾಕಿದರೆ 48 ಪಟ್ಟು, ವಸ್ತು ನಾಲ್ಕು ನಿಮಿಷ ಒಳಗಿರುತ್ತದೆ. 10ರದು ಹಾಕಿದರೆ 120 ಪಟ್ಟು, ಎರಡು ನಿಮಿಷವೂ ಇಲ್ಲ. ಆದ್ದರಿಂದ ಪ್ರತಿ ಇಬ್ಬರಿಗೊಮ್ಮೆ ಒಬ್ಬರು ಹೊಂದಿಸಿಕೊಡಬೇಕು. ಕೊಳವೆಯನ್ನು ಹಿಡಿಯಬೇಡಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ. ಕನ್ನಡಕದವರು ಅದನ್ನು ತೆಗೆದು ಫೋಕಸ್ ತಿರುಗಿಸಿಕೊಳ್ಳಬಹುದು. ಮಕ್ಕಳಿಗೆ ಸ್ಟೂಲ್ ಕೊಡಿ, ಎತ್ತಿಕೊಂಡರೆ ಅವರೂ ಅಲುಗುತ್ತಾರೆ, ಟೆಲಿಸ್ಕೋಪೂ ಅಲುಗುತ್ತದೆ. ನೆತ್ತಿಯ ಮೇಲಿನದ್ದನ್ನು ಡಾಬ್ಸೋನಿಯನ್ನಿನಲ್ಲಿ ಹಿಡಿಯುವುದು ದೊಡ್ಡ ತಲೆನೋವು, ಅದು ಇಳಿಯುವವರೆಗೆ ಬಿಡಿ. ಹಸಿರು ಲೇಸರ್ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ವಿಮಾನ ಕಂಡರೆ ತಕ್ಷಣ ಆಫ್.

ಬೆಳಗಿನ ಜಾವ

ಒಂದರಿಂದ ನಾಲ್ಕರವರೆಗೆ ಎಲ್ಲರೂ ಎದ್ದಿರಬೇಕಾಗಿಲ್ಲ. ಗಾಡಿ ಓಡಿಸುವವರು ಮಲಗಲೇಬೇಕು. ಆದರೆ ನಾಲ್ಕೂವರೆಗೆ ಅಲಾರಂ ಇಟ್ಟು ಎಲ್ಲರನ್ನೂ ಎಬ್ಬಿಸಿ, ಬೈದರೂ ಪರವಾಗಿಲ್ಲ.

ದಕ್ಷಿಣದಲ್ಲಿ ಒಂದೂವರೆ ಮುಷ್ಟಿ ಎತ್ತರಕ್ಕೆ ತ್ರಿಶಂಕು ನಿಂತಿರುತ್ತದೆ, ಗಾಳಿಪಟದ ಆಕಾರದಲ್ಲಿ ನಾಲ್ಕು ನಕ್ಷತ್ರ. ಅದರ ಎಡಕ್ಕೆ ಸ್ವಲ್ಪ ಮೇಲೆ ಬೈನಾಕ್ಯುಲರಿನಲ್ಲಿ ಹುಡುಕಿದರೆ ಹತ್ತಿಯ ಉಂಡೆಯ ಹಾಗೆ ಒಮೇಗಾ ಸೆಂಟೌರಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳ ಮುದ್ದೆ. ದುಬಾರಿ ಟೆಲಿಸ್ಕೋಪ್ ಇಟ್ಟುಕೊಂಡ ಲಂಡನ್ನಿನ ಹವ್ಯಾಸಿಗೆ ಇದು ದಿಗಂತದ ಮೇಲೆ ಬರುವುದೇ ಇಲ್ಲ. ನಮಗೆ ಹೊಲದ ಬದುವಿನಿಂದ ಕಾಣುತ್ತದೆ. ಆಗ್ನೇಯದಲ್ಲಿ ವೃಶ್ಚಿಕ ಏರುತ್ತಿರುತ್ತದೆ, ನಡುವೆ ಕೆಂಪಗೆ ಜ್ಯೇಷ್ಠಾ. ಐದೂವರೆಗೆ ಮೂಡಣ ಬೆಳ್ಳಗಾಗತೊಡಗುತ್ತದೆ.

ಮೂಟೆ ಕಟ್ಟುವ ಮುಂಚೆ ಒಂದು ಮಾತು. ಗಾಜಿನ ಮೇಲೆ ಕೂತ ಇಬ್ಬನಿಯನ್ನು ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಒದ್ದೆ ಇರುವಾಗಲೇ ಮುಚ್ಚಳ ಹಾಕಿದರೆ ಫಂಗಸ್ ಹಿಡಿಯುತ್ತದೆ. ಬಿಸಿಲು ಬರುವವರೆಗೆ ನೆರಳಿನಲ್ಲಿ ತೆರೆದಿಟ್ಟು ಒಣಗಿಸಿ. ಗಾಡಿ ಓಡಿಸುವವರು ಅಷ್ಟು ಹೊತ್ತು ಇನ್ನೊಂದು ನಿದ್ದೆ ತೆಗೆಯಲಿ. ಟಾರ್ಪಾಲು ಕೊಡವಿ, ಕಸ ಹೆಕ್ಕಿ, ಐಪೀಸುಗಳ ಮುಚ್ಚಳ ಎಣಿಸಿ.

ಹೋದ ಸಲ ನಾವು ಎಣಿಸಲಿಲ್ಲ. 25ರ ಐಪೀಸಿನ ಮುಚ್ಚಳ ಯಜಮಾನರ ಮೊಮ್ಮಗಳಿಗೆ ಸಿಕ್ಕಿ, ಅವಳ ಅಡುಗೆ ಆಟದ ತಟ್ಟೆಗಳ ಜೊತೆ ಸೇರಿಕೊಂಡಿದೆಯಂತೆ. ವಾಪಸ್ ಕೇಳಲಿಲ್ಲ. ಮಾತ್ರೆ ಡಬ್ಬಿಯ ಮುಚ್ಚಳ ಅದಕ್ಕೆ ಸರಿಯಾಗಿ ಕೂರುತ್ತದೆ.